ಕಚೇರಿ ಸುಟ್ಟವನ ಕತೆ ಸಿಕ್ಕ ಬಗೆ

ದಂಗೆ ಏಳುವ ಮೊದಲು ಸಂಗೊಳ್ಳಿ ರಾಯಣ್ಣ ಊರು ಕಾಯುವವನಾಗಿದ್ದ. ಕಿತ್ತೂರು ಸಂಸ್ಥಾನದಲ್ಲಿ ಶೇತಸನದಿ ಎಂದು ಕರೆಯುತ್ತಿದ್ದ ಇಂಥ ಕಾವಲುಗಾರನಿಗೆ ಪಗಾರವಿರಲಿಲ್ಲ, ಇನಾಮು ಹೊಲವಿತ್ತು. ಅದನ್ನು ಉಣ್ಣುತ್ತ ಊರಿನ ಕಾವಲು ನೋಡಿಕೊಳ್ಳಬೇಕು, ಕರೆ ಬಂದರೆ ಕತ್ತಿ ಹಿಡಿದು ಹೊರಡಬೇಕು. 1824ರ ಡಿಸೆಂಬರಿನಲ್ಲಿ ಕಿತ್ತೂರು ಬಿದ್ದ ಮೇಲೆ ಕಂಪನಿ ಸರ್ಕಾರ ಆ ಹೊಲಗಳಿಗೇ ಕೈಹಾಕಿತು. ಕೆಲವನ್ನು ಕಸಿದುಕೊಂಡಿತು, ಉಳಿದವುಗಳ ಮೇಲೆ ಭಾರಿ ಕಂದಾಯ ಹೇರಿತು. ಹೊಲ ಹೋದ ಕಾವಲುಗಾರರು ರಾಯಣ್ಣನ ಬೆನ್ನಿಗೆ ನಿಂತರು. 1830ರ ಆರಂಭದಲ್ಲಿ ಬೀಡಿ ಎಂಬ ಊರಿನ ಸರ್ಕಾರಿ ಕಚೇರಿ ಉರಿಯಿತು. ಅದೇ ವರ್ಷ ಏಪ್ರಿಲಿನಲ್ಲಿ ರಾಯಣ್ಣ ಸೆರೆಸಿಕ್ಕ; 1831ರ ಜನವರಿಯಲ್ಲಿ ನಂದಗಡದಲ್ಲಿ ಅವನನ್ನು ಗಲ್ಲಿಗೇರಿಸಿದರು.

ಕಾಗದದಲ್ಲಿ ಉಳಿದದ್ದು ಸರ್ಕಾರದ ಮಾತು. ಊರಿನ ಮಾತು ಲಾವಣಿಕಾರರ ಬಾಯಲ್ಲಿತ್ತು. ಅದನ್ನು ಅಚ್ಚಿಗೆ ತಂದವನು ಅದೇ ಆಡಳಿತದ ಅಧಿಕಾರಿ ಜಾನ್ ಫೇತ್‌ಫುಲ್ ಫ್ಲೀಟ್. 1867ರಲ್ಲಿ ಮುಂಬಯಿ ಪ್ರಾಂತದ ನೌಕರಿಗೆ ಬಂದ ಈತ ಸವದತ್ತಿಯ ರಟ್ಟರ ಶಾಸನಗಳನ್ನು ಓದಿ ಪ್ರಕಟಿಸಿದ ವಿದ್ವಾಂಸ. ಕಲ್ಲಿನ ಮೇಲಿನ ಕನ್ನಡದಷ್ಟೇ ಆಸ್ಥೆಯಿಂದ ಬಾಯಿಮಾತಿನ ಕನ್ನಡವನ್ನೂ ಕೇಳಿಸಿಕೊಂಡ. 1885ರಿಂದ ‘ಇಂಡಿಯನ್ ಆಂಟಿಕ್ವರಿ’ ಪತ್ರಿಕೆಯಲ್ಲಿ ಕನ್ನಡ ಲಾವಣಿಗಳನ್ನು ಇಂಗ್ಲಿಷ್ ಅನುವಾದದೊಡನೆ ಪ್ರಕಟಿಸತೊಡಗಿದ.

ಆ ಲಾವಣಿಗಳನ್ನು ಜೊತೆಗಿಟ್ಟು ಓದಿದರೆ ಹಳ್ಳಿಗೆ ಕೇಡು ಬಂದ ದಾರಿ ಕಾಣುತ್ತದೆ. ರಾಯಣ್ಣನ ಲಾವಣಿಯ ಹಿಂದೆ ಕಳೆದುಹೋದ ಹೊಲವಿದೆ. 1857ರ ಹಲಗಲಿ ಬೇಡರ ಲಾವಣಿಯಲ್ಲಿ ಸರ್ಕಾರ ಕೇಳಿದ್ದು ಅವರ ಹತಾರ. ಇನ್ನೊಂದು ಲಾವಣಿಯ ವಸ್ತು ಆದಾಯ ತೆರಿಗೆ. ಮೂರರಲ್ಲೂ ಕಾನೂನು ಊರೊಳಗೆ ಬಂದದ್ದು ಕಾಯುವುದಕ್ಕಲ್ಲ, ಕಸಿಯುವುದಕ್ಕೆ.

ನಾಲ್ಕನೆಯದು ಬೇರೆ ಬಗೆಯದು. ಅದು ಬೈಲಹೊಂಗಲದ ಸಂಗ್ಯಾನ ಕೊಲೆಯ ಕತೆ. ಮುಂದೆ ‘ಸಂಗ್ಯಾ ಬಾಳ್ಯಾ’ ಸಣ್ಣಾಟವಾಗಿ ಉತ್ತರ ಕರ್ನಾಟಕದ ಮನೆಮಾತಾಯಿತು. ಅಲ್ಲಿ ಕಂಪನಿಯಿಲ್ಲ, ತೆರಿಗೆಯಿಲ್ಲ. ಹಾದರ, ಗೆಳೆಯನ ದ್ರೋಹ, ಕೊಲೆ ಅಷ್ಟೇ. ದಂಗೆಯನ್ನು ಹಾಡಿದ ಜನ ಕೊಲೆಯನ್ನು ಕೊಲೆಯೆಂದೇ ಹಾಡಿದರು. ನ್ಯಾಯ ಅನ್ಯಾಯದ ಅಳತೆ ಅವರಲ್ಲಿತ್ತು.

ರಾಯಣ್ಣನ ಕಾಲದ ಊರ ವ್ಯವಸ್ಥೆ ಈಗ ಉಳಿದಿಲ್ಲ. ವಂಶಪಾರಂಪರ್ಯದ ಗೌಡಕಿಯಂಥ ಗ್ರಾಮಾಧಿಕಾರಗಳನ್ನು 1961ರ ಗ್ರಾಮಾಧಿಕಾರ ರದ್ದತಿ ಕಾಯ್ದೆ ಕೊನೆಗೊಳಿಸಿತು. ಊರ ಕಾವಲು ಠಾಣೆಯ ಪಾಲಾಯಿತು. ಆ ಹಳೆಯ ಕಾವಲಿನ ನೆನಪು ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಹಿರಿಯ ಹಾಡುಗಾರರಲ್ಲಿ ಇನ್ನೂ ಇದ್ದೀತು. ಪರದೇಶದ ಅಧಿಕಾರಿಯೊಬ್ಬ ಮಾಡಿದ ಕೆಲಸ ನಮಗೆ ಆಗದ್ದೇನಲ್ಲ. ನಿಮ್ಮೂರಿನಲ್ಲಿ ಲಾವಣಿ ಬಲ್ಲ ಹಿರಿಯರಿದ್ದರೆ ಈ ವರ್ಷವೇ ಕೂತು ಕೇಳಿ, ಧ್ವನಿಮುದ್ರಿಸಿ, ಬರೆದಿಡಿ.