ಅಡಿಕೆ, ತಾಮ್ರ ಮತ್ತು ಒಂದು ಕಿಣ್ವ

ಚಳಿಗಾಲದಲ್ಲಿ ಬಂಟ್ವಾಳ, ಬೆಳ್ತಂಗಡಿ, ಮೂಡಬಿದಿರೆಗಳ ಕಡೆ ಹೋದವರಿಗೆ ಅಡಿಕೆ ಹರಡಿದ ಅಂಗಳಗಳು ಹೊಸ ನೋಟವಲ್ಲ. ಬಂಟ್ವಾಳ ತಾಲೂಕಿನ ವಿಟ್ಲದಲ್ಲಿ 1956ರಿಂದಲೂ ಈ ಬೆಳೆಗೆ ಮೀಸಲಾದ ಸಂಶೋಧನ ಕೇಂದ್ರವಿದೆ. ಮಂಗಳಕಾರ್ಯಕ್ಕೂ ಅತಿಥಿಸತ್ಕಾರಕ್ಕೂ ಬೇಕಾದ ಈ ಫಲವು ಅಗಿಯುವವರ ಬಾಯೊಳಗೆ ನಡೆಸುವ ಒಂದು ವ್ಯಾಪಾರವನ್ನು ತಮ್ಮ ಮುಂದಿಡಬಯಸುತ್ತೇನೆ. ಕನ್ನಡ ಪಾಠ ಹೇಳಿದವನಿಗೆ ಈ ಉಸಾಬರಿ ಏಕೆಂದು ಕೇಳಬಹುದು. ಬಾಯಿ ತೆರೆಯಲಾಗದಿದ್ದರೆ ಮಾತೂ ಇಲ್ಲವಷ್ಟೆ!

ಕಿಣ್ವವೆಂಬುದು ಸಂಸ್ಕೃತದಲ್ಲಿ ಮದ್ಯಕ್ಕೆ ಹುದುಗು ಬರಿಸುವ ವಸ್ತುವಿನ ಹೆಸರು. ಶರೀರದ ರಾಸಾಯನಿಕ ಕ್ರಿಯೆಗಳನ್ನು ಚುರುಕುಗೊಳಿಸುವ ಪ್ರೋಟೀನುಗಳನ್ನು ನಾವೀಗ ಆ ಮಾತಿನಿಂದ ಕರೆಯುತ್ತೇವೆ. ನಮ್ಮ ಚರ್ಮಕ್ಕೆ, ರಕ್ತನಾಳಕ್ಕೆ, ಕೆನ್ನೆಯ ಒಳಪದರಕ್ಕೆ ಆಧಾರವಾದದ್ದು ಕೊಲಾಜನ್ ಎಂಬ ಪ್ರೋಟೀನು. ಇದರ ಎಳೆ ಮೂರು ಸರಗಳನ್ನು ಹುರಿಗೊಳಿಸಿದ ಹಗ್ಗದಂತಿರುತ್ತದೆ. ಲೈಸಿಲ್ ಆಕ್ಸಿಡೇಸ್ ಎಂಬ ಕಿಣ್ವವು ಈ ಎಳೆಯಲ್ಲಿರುವ ಲೈಸಿನ್ ಎಂಬ ಘಟಕವನ್ನು ಮಾರ್ಪಡಿಸುತ್ತದೆ. ಮಾರ್ಪಟ್ಟ ಲೈಸಿನ್ ಪಕ್ಕದ ಎಳೆಯೊಡನೆ ಬೆಸೆದುಕೊಳ್ಳುತ್ತದೆ. ಅಂಗಾಂಶಕ್ಕೆ ಬಲ ಬರುವುದು ಈ ಬೆಸುಗೆಯಿಂದಲೇ. ತಾಮ್ರವಿಲ್ಲದೆ ಈ ಕಿಣ್ವ ಕೆಲಸ ಮಾಡದು. ಅಡಿಕೆಯಲ್ಲಿ ತಾಮ್ರ ಧಾರಾಳವಾಗಿದೆ. ಅಗಿದಾಗ ಅದು ಜೊಲ್ಲಿನಲ್ಲಿ ಬೆರೆಯುತ್ತದೆ.

1952ರಲ್ಲಿ ಶ್ವಾರ್ಟ್ಸ್ ಎಂಬವರು ಪೂರ್ವ ಆಫ್ರಿಕದಲ್ಲಿ ನೆಲಸಿದ್ದ ಐವರು ಭಾರತೀಯ ಮಹಿಳೆಯರ ಬಾಯಿ ಬಿಗಿದುಕೊಂಡಿದ್ದ ರೋಗವೊಂದನ್ನು ವರ್ಣಿಸಿದರು. ಅದಕ್ಕೀಗ ಸಬ್‌ಮ್ಯೂಕಸ್ ಫೈಬ್ರೋಸಿಸ್ ಎಂದು ಹೆಸರು. 1995ರಲ್ಲಿ ತೈವಾನಿನ ಸಂಶೋಧಕರು ಇಂಥ ರೋಗಿಗಳ ಬಾಯಿಯಿಂದ ತೆಗೆದ ಜೀವಕೋಶಗಳನ್ನು ಪ್ರಯೋಗಶಾಲೆಯಲ್ಲಿ ಬೆಳೆಸಿ ನೋಡಿದರು. ಆರೋಗ್ಯವಂತರ ಕೋಶಗಳಿಗಿಂತ ಇವುಗಳಲ್ಲಿ ಈ ಕಿಣ್ವದ ಚಟುವಟಿಕೆ ಹೆಚ್ಚಿತ್ತು. ಬಾಯಿಯ ಕೋಶಗಳಿಗೆ ತಾಮ್ರವನ್ನು ಸೇರಿಸಿದರೆ ಅವು ಹೆಚ್ಚು ಕೊಲಾಜನ್ ತಯಾರಿಸುತ್ತವೆಂದು 2001ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನ ತೋರಿಸಿತು. ಎಳೆಗಳೂ ಹೆಚ್ಚಿ, ಬೆಸುಗೆಗಳೂ ಹೆಚ್ಚಿದಾಗ ಮೃದುವಾದ ಕೆನ್ನೆ ತೊಗಲಿನ ಪಟ್ಟಿಯಂತೆ ಬಿಗಿಯುತ್ತದೆ.

ತಾಮ್ರವೊಂದೇ ಇಲ್ಲಿ ಅಪರಾಧಿಯಲ್ಲ. ಅಡಿಕೆಯಲ್ಲಿರುವ ಅರೆಕೊಲಿನ್ ಕೋಶಗಳನ್ನು ಕೆರಳಿಸುತ್ತದೆ. ಅದರ ಚೊಗರು ಹಳೆಯ ಎಳೆಗಳು ಕರಗಿಹೋಗದಂತೆ ತಡೆಯುತ್ತದೆ. ತಂಬಾಕು ಬೆರೆಸದ ಅಡಿಕೆಯೂ ಕ್ಯಾನ್ಸರಿಗೆ ಕಾರಣವಾಗುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನ ಅಂಗವು 2004ರ ತನ್ನ ಸಂಪುಟದಲ್ಲಿ ಸಾರಿದೆ.

ಅಡಿಕೆಯನ್ನೇ ನಂಬಿ ಮಕ್ಕಳನ್ನು ಓದಿಸಿದ ಮನೆಗಳು ಈ ಮೂರೂ ಊರುಗಳ ಸುತ್ತ ಎಷ್ಟೋ ಇವೆ. ಅವರ ದುಡಿಮೆಯನ್ನು ಹಳಿಯುವುದು ನನ್ನ ಉದ್ದೇಶವಲ್ಲ. ಆದರೆ ಒಮ್ಮೆ ಬೆಸೆದ ಎಳೆ ಅಗಿಯುವುದನ್ನು ಬಿಟ್ಟ ಮಾತ್ರಕ್ಕೆ ಸಡಿಲಗೊಳ್ಳುವುದು ಅಪರೂಪ. ಬೇಗ ಬಿಟ್ಟಷ್ಟೂ ಬಾಯಿ ಉಳಿಯುತ್ತದೆ. ಖಾರ ತಿಂದಾಗ ವಿಪರೀತ ಉರಿ, ಬಿಳಿಚಿದ ಒಳಗೆನ್ನೆ, ಮೂರು ಬೆರಳು ನೆಟ್ಟಗೆ ಹಿಡಿಸದ ಬಾಯಿ – ಇವು ಕಂಡರೆ ತಡಮಾಡದೆ ದಂತವೈದ್ಯರನ್ನು ಕಾಣಬೇಕು.