ನಿಮಗಿದು ಗೊತ್ತೆ? ಜೈಲಿನ ಬೆಡ್‌ಶೀಟ್ ಮೇಲೆ ಸ್ವರ್ಗ, ನರಕ

ತಲೆಗೆ ಹಚ್ಚುವ ಜೆಲ್, ಪ್ಲಾಸ್ಟಿಕ್ ಚಮಚ, ಹಳೇ ಪೇಪರ್, ಒಂದಿಷ್ಟು ಬಣ್ಣದ ಪೆನ್ಸಿಲ್. ಮಾದಕವಸ್ತು ಪ್ರಕರಣದಲ್ಲಿ ಜೈಲು ಸೇರಿದ್ದ ಅಮೆರಿಕದ ಕಲಾವಿದ ಜೆಸ್ಸಿ ಕ್ರೈಮ್ಸ್ ಅವರಿಗೆ ಸುಮಾರು 40 ಅಡಿ ಅಗಲದ ಚಿತ್ರ ಮಾಡಲು ಇಷ್ಟೇ ಸಾಕಾಯಿತು. ಕ್ಯಾನ್ವಾಸ್? ಜೈಲಿನ ಬೆಡ್‌ಶೀಟ್‌ಗಳು, ಒಟ್ಟು 39!

ಬಟ್ಟೆಗೆ ಜೆಲ್ ಬಳಿದು, ‘ನ್ಯೂಯಾರ್ಕ್ ಟೈಮ್ಸ್’ ಪತ್ರಿಕೆಯ ಚಿತ್ರವನ್ನು ಅದರ ಮೇಲೆ ಮಗುಚಿಟ್ಟು, ಚಮಚದಿಂದ ಒತ್ತಿ ಉಜ್ಜಬೇಕು. ಶಾಯಿ ಬಟ್ಟೆಗೆ ಇಳಿಯುತ್ತದೆ. ಚಿತ್ರ ಮಾತ್ರ ಕನ್ನಡಿಯಲ್ಲಿ ಕಂಡಂತೆ ಎಡಬಲ ಅದಲುಬದಲು. ನಡುವಿನ ಜಾಗವನ್ನೆಲ್ಲ ಪೆನ್ಸಿಲ್‌ನಲ್ಲಿ ತುಂಬಿದರು. ಮೇಲೆ ಸ್ವರ್ಗ, ನಡುವೆ ಭೂಮಿ, ಕೆಳಗೆ ನರಕ. ಕೆಲಸ ಮೂರು ವರ್ಷ ಹಿಡಿಯಿತು.

ಮುಗಿದ ಶೀಟುಗಳು ಬಿಡಿಬಿಡಿಯಾಗಿ ಅಂಚೆಯಲ್ಲಿ ಹೊರಗೆ ಹೋಗುತ್ತಿದ್ದವು. ಹೀಗಾಗಿ ತಾವೇ ಮಾಡಿದ ಚಿತ್ರವನ್ನು ಅವರು ಇಡಿಯಾಗಿ ನೋಡಿದ್ದು 2013ರಲ್ಲಿ ಬಿಡುಗಡೆಯಾದ ಮೇಲೆಯೇ.

ಇದಕ್ಕೂ ಮುಂಚಿನದು ಇನ್ನೂ ಸ್ವಾರಸ್ಯ. ಪತ್ರಿಕೆಯಲ್ಲಿ ಬಂದ ಆರೋಪಿಗಳ ಮುಖಗಳನ್ನು ಸೋಪಿನ ಚೂರುಗಳ ಮೇಲೆ ಇಳಿಸಿ, ಇಸ್ಪೀಟ್ ಕಟ್ಟಿನೊಳಗೆ ಕಿಂಡಿ ಕೊರೆದು, ಅದರಲ್ಲಿ ಬಚ್ಚಿಟ್ಟು ಹೊರಗೆ ಸಾಗಿಸಿದ್ದರು! 2024ರಲ್ಲಿ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂ ಅವರ ಕೃತಿಗಳ ಪ್ರದರ್ಶನವನ್ನೇ ಏರ್ಪಡಿಸಿತು.

ಅಂದಹಾಗೆ, ಬೆಡ್‌ಶೀಟ್ ಕೃತಿಯ ಹೆಸರಿನ ಕೊನೆಗೆ 16389067 ಎಂಬ ಅಂಕಿಯಿದೆ. ಅದು ಅವರ ಕೈದಿ ಸಂಖ್ಯೆ.