ಮಡಕೆ ಚೂರಿನಲ್ಲಿ ದ್ರಾಕ್ಷಿಯ ಗುರುತು

ಸಾರಿಗೆ ಹಾಕುವ ಹುಣಸೆಹಣ್ಣಿನ ಹುಳಿಗೆ ಮುಖ್ಯ ಕಾರಣ ಟಾರ್ಟಾರಿಕ್ ಆಮ್ಲ. ಬಹುತೇಕ ಹಣ್ಣುಗಳಲ್ಲಿ ಹೆಚ್ಚಾಗಿರುವುದು ಸಿಟ್ರಿಕ್ ಇಲ್ಲವೇ ಮ್ಯಾಲಿಕ್ ಆಮ್ಲ. ಟಾರ್ಟಾರಿಕ್ ಆಮ್ಲ ಹೇರಳವಾಗಿರುವ ಹಣ್ಣುಗಳು ಕೆಲವೇ. ಹುಣಸೆ ಒಂದು, ದ್ರಾಕ್ಷಿ ಇನ್ನೊಂದು. ಸುಮಾರು 8,000 ವರ್ಷಗಳ ಹಿಂದಿನ ಮಡಕೆಗಳಲ್ಲಿ ಏನಿತ್ತು ಎಂಬ ಪ್ರಶ್ನೆಗೆ ಉತ್ತರ ದೊರೆತದ್ದು ಈ ಆಮ್ಲದಿಂದಲೇ.

ಆ ಮಡಕೆಗಳು ದೊರೆತದ್ದು ಜಾರ್ಜಿಯ ದೇಶದಲ್ಲಿ. ಕಪ್ಪು ಸಮುದ್ರದ ಪೂರ್ವ ದಂಡೆಯಲ್ಲಿರುವ ಈ ಪುಟ್ಟ ದೇಶದ ಉತ್ತರಕ್ಕೆ ಮಹಾ ಕಾಕಸಸ್ ಪರ್ವತಶ್ರೇಣಿ ಗೋಡೆಯಂತೆ ನಿಂತು ಶೀತಗಾಳಿಯನ್ನು ತಡೆಯುತ್ತದೆ. ಪರ್ವತಗಳ ನಡುವಣ ಕಣಿವೆಗಳಲ್ಲಿ ಕಾಡುದ್ರಾಕ್ಷಿಯ ಬಳ್ಳಿಗಳು ಇಂದಿಗೂ ಬೆಳೆಯುತ್ತವೆ. ರಾಜಧಾನಿ ಟಿಬಿಲಿಸಿಯ ದಕ್ಷಿಣಕ್ಕೆ ಸುಮಾರು 50 ಕಿ.ಮೀ. ದೂರದಲ್ಲಿ ಶುಲವೇರಿ ಗೋರಾ ಮತ್ತು ಗದಾಚ್ರಿಲಿ ಗೋರಾ ಎಂಬ ಎರಡು ದಿಬ್ಬಗಳಿವೆ. ನವಶಿಲಾಯುಗದ ಜನ ಇಲ್ಲಿ ಹಸಿ ಇಟ್ಟಿಗೆಯ ದುಂಡು ಮನೆಗಳನ್ನು ಕಟ್ಟಿಕೊಂಡು ಬೇಸಾಯ ಮಾಡುತ್ತಿದ್ದರು.

ಇಲ್ಲಿ ಸಿಕ್ಕ ಮಡಕೆ ಚೂರುಗಳನ್ನು ಪ್ಯಾಟ್ರಿಕ್ ಮೆಕ್‌ಗವರ್ನ್ ಮತ್ತು ಸಂಗಡಿಗರು ವಿಶ್ಲೇಷಿಸಿ 2017ರಲ್ಲಿ ಫಲಿತಾಂಶ ಪ್ರಕಟಿಸಿದರು. ಮಡಕೆಯ ಗೋಡೆಯಲ್ಲಿ ಕಣ್ಣಿಗೆ ಕಾಣದ ರಂಧ್ರಗಳಿರುತ್ತವೆ. ಅವುಗಳೊಳಗೆ ಇಂಗಿದ ಆಮ್ಲ ಜೇಡಿಮಣ್ಣಿಗೆ ಅಂಟಿಕೊಳ್ಳುತ್ತದೆ. ಕ್ಯಾಲ್ಸಿಯಮ್‌ನೊಡನೆ ಸೇರಿದರೆ ನೀರಿನಲ್ಲಿ ಸುಲಭವಾಗಿ ಕರಗದ ಲವಣವಾಗಿ ಉಳಿಯುತ್ತದೆ. ಚೂರುಗಳಲ್ಲಿ ಟಾರ್ಟಾರಿಕ್ ಆಮ್ಲ ಪತ್ತೆಯಾಯಿತು. ರೇಡಿಯೊ ಕಾರ್ಬನ್ ವಿಧಾನದಿಂದ ತಿಳಿದ ಕಾಲ ಕ್ರಿ.ಪೂ. 6000–5800. ಅದುವರೆಗೆ ಅತಿ ಹಳೆಯದೆನಿಸಿದ್ದ ಇರಾನಿನ ಹಾಜಿ ಫಿರೂಜ್ ನೆಲೆಯ ಕುರುಹಿಗಿಂತ ಇದು ಆರೇಳುನೂರು ವರ್ಷ ಹಿಂದಿನದು.

ಇಷ್ಟರಿಂದಲೇ ಅದು ವೈನ್ ಎನ್ನಬಹುದೇ? ಇಲ್ಲಿ ಕೆಲವು ಸಂದೇಹಗಳು ಏಳುತ್ತವೆ. ಮಣ್ಣಿನ ಸೂಕ್ಷ್ಮಜೀವಿಗಳೂ ಈ ಆಮ್ಲವನ್ನು ಉತ್ಪಾದಿಸಬಲ್ಲವು. ಆದ್ದರಿಂದ ಸುತ್ತಲಿನ ಮಣ್ಣನ್ನೂ ಪರೀಕ್ಷಿಸಿ, ಚೂರುಗಳಲ್ಲಿ ಆಮ್ಲ ಅದಕ್ಕಿಂತ ಹೆಚ್ಚಿದೆಯೇ ಎಂದು ಹೋಲಿಸಿದರು. ಬೇರೆ ಹಣ್ಣಿನಿಂದ ಬಂದಿರಬಹುದೇ? ಹುಣಸೆ ಉಷ್ಣವಲಯದ ಮರ; ಆ ಶೀತ ನಾಡಿನಲ್ಲಿ ಬೆಳೆಯದು. ಮೇಲಾಗಿ, ದ್ರಾಕ್ಷಿಯ ಪರಾಗವೂ ಅಲ್ಲಿ ದೊರೆತಿದೆ. ಬರಿಯ ದ್ರಾಕ್ಷಿರಸವಾಗಿರಬಾರದೇಕೆ? ಹಣ್ಣಿನ ಸಿಪ್ಪೆಯ ಮೇಲೆ ಯೀಸ್ಟ್‌ಗಳಿರುತ್ತವೆ. ಹಿಂಡಿಟ್ಟ ರಸ ಕೆಲವೇ ದಿನಗಳಲ್ಲಿ ತಾನಾಗಿ ಹುದುಗುತ್ತದೆ. ಹೀಗೆ ಹಲವು ಸುಳಿವುಗಳು ಒಂದೇ ದಿಕ್ಕನ್ನು ತೋರಿದಾಗ ತೀರ್ಮಾನಕ್ಕೆ ಬಲ ಬರುತ್ತದೆ.

ಇಂದು ಜಾರ್ಜಿಯದ ದ್ರಾಕ್ಷಿತೋಟಗಳಲ್ಲಿ ಬಹುಪಾಲು ಇರುವುದು ಪೂರ್ವದ ಕಖೇತಿ ಪ್ರಾಂತದಲ್ಲಿ, ವಿಶೇಷವಾಗಿ ಅಲಜಾನಿ ನದಿಯ ಕಣಿವೆಯಲ್ಲಿ. ಇಲ್ಲಿ ವೈನ್ ಮಾಡುವ ಸಾಂಪ್ರದಾಯಿಕ ಪಾತ್ರೆಗೆ ಕ್ವೆವ್ರಿ ಎಂದು ಹೆಸರು. ಮೊಟ್ಟೆಯಾಕಾರದ ಈ ದೊಡ್ಡ ಗುಡಾಣದ ಒಳಮೈಗೆ ಜೇನುಮೇಣ ಸವರಿ, ಕತ್ತಿನವರೆಗೂ ನೆಲದಲ್ಲಿ ಹೂಳುತ್ತಾರೆ. ರಸದೊಡನೆ ಸಿಪ್ಪೆ, ಬೀಜ, ತೊಟ್ಟುಗಳನ್ನೂ ಹಾಕುತ್ತಾರೆ. ಹುದುಗುವಾಗ ಹುಟ್ಟುವ ಶಾಖವನ್ನು ಸುತ್ತಲಿನ ಮಣ್ಣು ಹೀರಿಕೊಳ್ಳುವುದರಿಂದ ಉಷ್ಣತೆ ಮಿತಿಮೀರದು. ಬೀಜಗಳು ಕ್ರಮೇಣ ಕಿರಿದಾದ ತಳಕ್ಕಿಳಿಯುತ್ತವೆ. ಆಮೇಲೆ ಬಾಯಿ ಮುಚ್ಚಿ ಐದಾರು ತಿಂಗಳು ಬಿಡುತ್ತಾರೆ. ಸಿಪ್ಪೆಯ ಟ್ಯಾನಿನ್ ಮತ್ತು ವರ್ಣಕಗಳು ರಸಕ್ಕಿಳಿದು, ಬಿಳಿ ದ್ರಾಕ್ಷಿಯ ವೈನೂ ಜೇನಿನ ಬಣ್ಣ ತಳೆಯುತ್ತದೆ. ಈ ವಿಧಾನವನ್ನು ಯುನೆಸ್ಕೊ 2013ರಲ್ಲಿ ಅಮೂರ್ತ ಸಾಂಸ್ಕೃತಿಕ ಪರಂಪರೆಯ ಪಟ್ಟಿಗೆ ಸೇರಿಸಿತು.

ಅತಿ ಹಳೆಯ ಸಾಕ್ಷ್ಯ ಸಿಕ್ಕ ಮಾತ್ರಕ್ಕೆ ಲೋಕದ ಎಲ್ಲ ವೈನ್ ದ್ರಾಕ್ಷಿಗೂ ಜಾರ್ಜಿಯವೇ ತವರು ಎನ್ನುವಂತಿಲ್ಲ. 3,525 ದ್ರಾಕ್ಷಿ ಮಾದರಿಗಳ ಜೀನೋಮ್ ಪರಿಶೀಲಿಸಿದ 2023ರ ಅಧ್ಯಯನದ ಪ್ರಕಾರ, ದ್ರಾಕ್ಷಿಯನ್ನು ಸುಮಾರು 11,000 ವರ್ಷಗಳ ಹಿಂದೆ ಪಶ್ಚಿಮ ಏಷ್ಯ ಮತ್ತು ಕಾಕಸಸ್‌ಗಳಲ್ಲಿ ಬೇರೆಬೇರೆಯಾಗಿ ಪಳಗಿಸಲಾಯಿತು. ಯೂರೋಪಿಗೆ ಹಬ್ಬಿದ್ದು ಮುಖ್ಯವಾಗಿ ಪಶ್ಚಿಮ ಏಷ್ಯದ ಸಂತತಿ. ಕಾಕಸಸ್‌ನದು ಹೆಚ್ಚು ದೂರ ಹರಡಲಿಲ್ಲ.

ಇದೇ ಕಾರಣಕ್ಕೆ ಅದು ಅಮೂಲ್ಯ. ಜಾರ್ಜಿಯದಲ್ಲಿ 500ಕ್ಕೂ ಹೆಚ್ಚು ಸ್ಥಳೀಯ ತಳಿಗಳು ದಾಖಲಾಗಿವೆ. ಆದರೆ ಸೋವಿಯತ್ ಕಾಲದಲ್ಲಿ ಇಳುವರಿಗೆ ಒತ್ತು ಬಿದ್ದು, ರ್‌ಕಾತ್ಸಿತೆಲಿ, ಸಪೆರಾವಿಯಂಥ ಕೆಲವೇ ತಳಿಗಳು ತೋಟಗಳನ್ನು ಆವರಿಸಿದವು. 1985ರಲ್ಲಿ ಆರಂಭವಾದ ಮದ್ಯವಿರೋಧಿ ಆಂದೋಲನದಲ್ಲಿ ಅನೇಕ ತೋಟಗಳನ್ನು ಕಿತ್ತುಹಾಕಲಾಯಿತು. ಅಳಿದುಳಿದ ತಳಿಗಳನ್ನು ಹುಡುಕಿ ತಂದು ಸಂಗ್ರಹತೋಟಗಳಲ್ಲಿ ಬೆಳೆಸುವ ಕೆಲಸ ಆಮೇಲೆ ನಡೆದಿದೆ. ದ್ರಾಕ್ಷಿಬೀಜ ನೆಟ್ಟರೆ ತಾಯಿಬಳ್ಳಿಯ ಗುಣ ಹಾಗೆಯೇ ಬಾರದು. ತಳಿ ಉಳಿಯಬೇಕಾದರೆ ಕಡ್ಡಿ ನೆಟ್ಟೇ ಬೆಳೆಸಬೇಕು. ಮಡಕೆ ಚೂರು ಎಂಟು ಸಾವಿರ ವರ್ಷ ಮಣ್ಣಿನಲ್ಲಿ ಬಿದ್ದಿದ್ದರೂ ಸಾಕ್ಷ್ಯ ಉಳಿಸಿಕೊಂಡಿತು. ಬಳ್ಳಿ ಹಾಗಲ್ಲ. ಒಂದು ತಳಿಯ ಕಡೆಯ ಬಳ್ಳಿ ಒಣಗಿದರೆ ಅದನ್ನು ಮರಳಿ ಪಡೆಯುವ ದಾರಿಯಿಲ್ಲ.